ನಮ್ಮೋನು ಉಣ್ತಾವ್ನೆ

ನಂಜುಂಡೇಶನನ್ನು ನೀವು ನೋಡಿದ್ದೀರಿ. ಇಲ್ಲ ಅನ್ನಬೇಡಿ. ಹೆಸರು ಗೊತ್ತಿರಲಿಕ್ಕಿಲ್ಲ, ಊರು ಗೊತ್ತಿರಲಿಕ್ಕಿಲ್ಲ. ಆದರೆ ಹಳದಿ ಫೋರ್ಕ್‌ಲಿಫ್ಟಿನ ಮುಂದೆ ಬಾಳೆ ಎಲೆ ಹಾಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಎರಡೂ ಕೈ ಅಡ್ಡ ಚಾಚಿ "ನಮ್ಮೋನು ಉಣ್ತಾವ್ನೆ ಕಣ್ರೀ" ಎಂದವನು ನಿಮ್ಮ ಫೋನಿಗೂ ಬಂದು ಹೋಗಿದ್ದಾನೆ. ನೀವು ನಕ್ಕಿದ್ದೀರಿ. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ. ನಕ್ಕು ಇನ್ನಿಬ್ಬರಿಗೆ ಕಳಿಸಿಯೂ ಇದ್ದೇನೆ. ಆ ತಪ್ಪು ಒಂದಿಷ್ಟಾದರೂ ಹಗುರಾಗಲಿ ಎಂದು ಅವನ ವಿಷಯ ಬರೆಯುತ್ತಿದ್ದೇನೆ.

ಅವನು ಕಂಪಲಾಪುರದವನು, ವಯಸ್ಸು ನಲವತ್ತಾರು. ಹುಣಸೂರಿನ ಹೊರಗೆ ಪಿರಿಯಾಪಟ್ಟಣದ ರಸ್ತೆಯಲ್ಲಿರುವ ಒಂದು ಹೊಗೆಸೊಪ್ಪಿನ ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಹರಾಜಾದ ಸೊಪ್ಪು ಅಲ್ಲಿಗೆ ಬೇಲುಗಳಾಗಿ ಬರುತ್ತದೆ. ಬೇಲೆಂದರೆ ಗೋಣಿತಟ್ಟಿನಲ್ಲಿ ಬಿಗಿದು ಹೊಲಿದ ದೊಡ್ಡ ಕಟ್ಟು. ಇಬ್ಬರು ಗಟ್ಟಿ ಆಳುಗಳು ಸೇರಿದರೂ ಅಲುಗಿಸುವುದು ಕಷ್ಟ. ಫೋರ್ಕ್‌ಲಿಫ್ಟು ತನ್ನ ಮುಂದಿನ ಎರಡು ಕಬ್ಬಿಣದ ಕೈಗಳ ಮೇಲೆ ಅಂಥ ಐದಾರು ಬೇಲುಗಳನ್ನು ಒಟ್ಟಿಗೆ ಹೊತ್ತು, ಮೂರಾಳು ಎತ್ತರಕ್ಕೆ ಏರಿಸಿ ಅಟ್ಟಿಯ ಮೇಲಿಡುತ್ತದೆ. ಆ ಕೈಗಳನ್ನು ಎಳೆಯುವುದು ಒಂದು ಜೊತೆ ದಪ್ಪ ಚೈನು. ಎಲ್ಲ ಭಾರವೂ ಅದರದೇ.

ಈ ಕೆಲಸದಲ್ಲಿ ಒಂದು ತೊಡಕಿದೆ. ಹೊರೆ ಎದುರಿಗೆ ಬಂತೆಂದರೆ ಡ್ರೈವರಿಗೆ ಮುಂದೇನೂ ಕಾಣುವುದಿಲ್ಲ. ಬೇಲಿನ ಆಚೆ ಆಳುಗಳು ನಿಂತಿರುತ್ತಾರೆ, ಅಟ್ಟಿ ನೆಟ್ಟಗೆ ಮಾಡುತ್ತಿರುತ್ತಾರೆ, ಬಗ್ಗಿರುತ್ತಾರೆ. ಆಗ ಉಳಿಯುವುದು ಬಾಯಿಮಾತು ಒಂದೇ. ನಂಜುಂಡೇಶ ಸೀಟಿನಿಂದ "ಸರ್ಕಳಿ" ಎಂದು ಒಂದೇ ಸಲ ಕೂಗುತ್ತಿದ್ದ. ಆ ಕಡೆಯಿಂದ ಬೆಳ್ಳ "ಸರ್ದೆ ಕಣಣ್ಣ" ಎನ್ನುತ್ತಿದ್ದ. ಆಮೇಲೆ ಹೊರೆ ಇಳಿಯುತ್ತಿತ್ತು. ಬೆಳ್ಳ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯವನು, ಆಳುಗಳ ಮುಂದಾಳು, ನಂಜುಂಡೇಶನಿಗಿಂತ ಹತ್ತು ವರ್ಷ ಚಿಕ್ಕವನು. ಹನ್ನೊಂದು ವರ್ಷದಲ್ಲಿ ಆ ಗೋದಾಮಿನಲ್ಲಿ ಒಬ್ಬರ ಕಾಲ್ಬೆರಳೂ ಜಜ್ಜಿರಲಿಲ್ಲ. ನಂಜುಂಡೇಶನಿಗೆ ಜಂಬ ಎಂಬುದೇನಾದರೂ ಇದ್ದರೆ ಅದು ಇದೊಂದರ ಬಗ್ಗೆಯೇ: ತಾನು ಹೇಳಿದರೆ ಜನ ಸರಿಯುತ್ತಾರೆ.

ಹೋದ ವರ್ಷ ಆಯುಧಪೂಜೆಯ ದಿನ ಇದೆಲ್ಲ ಶುರುವಾಯಿತು. ನಂಜುಂಡೇಶನ ತಾತ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಆ ದಿನ ಗಾಡಿ ತೊಳೆದು, ನೊಗಕ್ಕೆ ಕುಂಕುಮ ಹಚ್ಚಿ, ಮುಂದೆ ಎಡೆ ಇಟ್ಟನೆಂದರೆ, ಆ ಎಲೆ ತೆಗೆಯುವ ತನಕ ನೊಗವನ್ನು ಯಾರೂ ಮುಟ್ಟುವಂತಿರಲಿಲ್ಲ. ಊಟಕ್ಕೆ ಕೂತವರನ್ನು ಎಬ್ಬಿಸುವುದು ಆ ಮನೆಯಲ್ಲಿ ಮಹಾಪಾಪ. ಪೊಲೀಸಿನವರೇ ಬಂದರೂ ಜಗಲಿಯ ಮೇಲೆ ಕೂತು ಕಾಯಬೇಕಾಗಿತ್ತು. ಉಣ್ಣುವವನು ಮನುಷ್ಯನಾದರೇನು, ಗಾಡಿಯಾದರೇನು? ಅದನ್ನೇ ನೋಡಿ ಬೆಳೆದ ನಂಜುಂಡೇಶ ಫೋರ್ಕ್‌ಲಿಫ್ಟನ್ನು ಉಜ್ಜಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಅದರ ಎರಡು ಕೈಗಳನ್ನು ನೆಲಕ್ಕಿಳಿಸಿ, ಅವುಗಳ ಮೇಲೆ ಅಡ್ಡಲಾಗಿ ಎಲೆ ಹಾಸಿದ. ಹೆಂಡತಿ ಸುಕನ್ಯ ಕಟ್ಟಿಕೊಟ್ಟಿದ್ದ ಒಬ್ಬಟ್ಟು, ಚಿತ್ರಾನ್ನ, ಎರಡು ಬಾಳೆಹಣ್ಣು ಬಡಿಸಿದ. ಕರ್ಪೂರ ಹಚ್ಚಿ ಕೈಮುಗಿದ.

ಅಷ್ಟು ಹೊತ್ತಿಗೆ ಒಂದು ಲಾರಿ ಬಂತು. ರಜೆಯೆಂದು ಅದರ ಡ್ರೈವರಿಗೆ ಯಾರೂ ಹೇಳಿರಲಿಲ್ಲವಂತೆ. ಅವನು ಹಾರನ್ ಬಾರಿಸಿದ್ದೇ ಬಾರಿಸಿದ್ದು. "ಹತ್ತೇ ಬೇಲು, ಇಳಿಸಿಕೊಂಡುಬಿಡಪ್ಪಾ" ಎಂದು ಫೋರ್ಕ್‌ಲಿಫ್ಟಿನ ಕಡೆಗೇ ನಡೆದು ಬಂದ. ನಂಜುಂಡೇಶ ಎಲೆಯ ಮುಂದೆ ಎರಡೂ ಕೈ ಚಾಚಿ ನಿಂತ.

"ಎಡೆ ಇಕ್ಕಿವ್ನಿ. ನಮ್ಮೋನು ಉಣ್ತಾವ್ನೆ ಕಣ್ರೀ. ಉಣ್ಣೋಕ್ ಕೂತೋರ್ನ ಎಬ್ಬುಸ್ಬಾರ್ದು."

ಬೆಳ್ಳ ಪಕ್ಕದಲ್ಲಿದ್ದ. ಪೂಜೆಯ ಫೋಟೋ ತೆಗೆಯಲು ಹಿಡಿದಿದ್ದ ಫೋನಿನಲ್ಲಿ ಅಷ್ಟನ್ನೂ ಹಿಡಿದ. ಒಂಬತ್ತು ಸೆಕೆಂಡ್. ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ. ನಮ್ಮ ಅಣ್ಣ ಹೇಗೆ ನಿಂತಿದ್ದಾನೆ ನೋಡಿ ಎಂಬ ಪ್ರೀತಿಯಿಂದಲೇ ಸ್ಟೇಟಸ್ಸಿಗೆ ಹಾಕಿಕೊಂಡ. ಅದನ್ನು ಅವನ ಹೆಂಡತಿ ಕೆಂಚಿಯ ತಮ್ಮ ತೆಗೆದುಕೊಂಡ. ಅವನಿಂದ ಮೈಸೂರಿನ ಯಾವುದೋ ತಮಾಷೆಯ ಪೇಜಿಗೆ ಹೋಯಿತು. ಮೂರನೇ ದಿನ ಬೆಳಿಗ್ಗೆ ನಂಜುಂಡೇಶ ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ ಕೊಡದೆ ಅವನನ್ನೇ ನೋಡುತ್ತಾ ನಿಂತುಬಿಟ್ಟ.

ಮೊದಮೊದಲು ಅವನಿಗೂ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹೋಟೆಲಿನವನು ಟೀ ಕೊಟ್ಟು "ಒಂದ್ಸಲ ಅನ್ನಿ ಅಣ್ಣ" ಎಂದ. ಇವನು ನಾಚಿಕೊಂಡು ಅಂದ. ಕೆ.ಆರ್. ನಗರದ ಹತ್ತಿರ ಭೇರ್ಯದಲ್ಲಿ ಹೆಂಡತಿಯ ಕಡೆಯವರ ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ಹುಡುಗರು ಆಟಿಕೆಯ ಫೋರ್ಕ್‌ಲಿಫ್ಟೊಂದನ್ನು ತಂದು ಎಲೆಯ ಮುಂದೆ ಕೂರಿಸಿ, ಅದಕ್ಕೂ ಪಾಯಸ ಬಡಿಸಿದರು. ಮೈಕು ಇವನ ಕೈಗೆ ಬಂತು. ಇವನು ಕೈ ಚಾಚಿ ನಿಂತು ಅಂದೂ ಬಿಟ್ಟ. ಇಡೀ ಛತ್ರ ಹೋ ಎಂದಿತು. ಸುಕನ್ಯ ಮಾತ್ರ ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಿದ್ದಳು.

ಮಗಳು ಮಾನಸ ಹುಣಸೂರಿನಲ್ಲಿ ಬಿ.ಕಾಂ. ಓದುತ್ತಾಳೆ. ಆ ವಿಡಿಯೋ ಎಲ್ಲೆಲ್ಲಿಗೆ ಹೋಗಿದೆ ಎಂದು ಅವಳೇ ಅಪ್ಪನಿಗೆ ಫೋನಿನಲ್ಲಿ ತೋರಿಸಿದಳು. ಸರ್ಕಾರಿ ಬಸ್ಸಿನ ಕಿಟಕಿಯ ಪಕ್ಕ ಕೂತ ಫೋರ್ಕ್‌ಲಿಫ್ಟು. ಪಂಚೆ ಉಟ್ಟು ಹಸೆಮಣೆಯ ಮೇಲೆ ಕೂತ ಫೋರ್ಕ್‌ಲಿಫ್ಟು. ಲಕ್ಷ್ಮಣತೀರ್ಥದಲ್ಲಿ ಸೊಂಟದವರೆಗೆ ಮುಳುಗಿ ನಿಂತ ಫೋರ್ಕ್‌ಲಿಫ್ಟು, ಕೆಳಗೆ 'ಕೈ ತೊಳೀತಾವ್ನೆ'. ಮಧ್ಯಾಹ್ನ ಬಾಗಿಲು ಹಾಕಿದ ಯಾವುದೋ ಕಚೇರಿಯ ಮುಂದೆ ಯಾರೋ 'ನಮ್ಮೋನು ಉಣ್ತಾವ್ನೆ' ಎಂದು ಚೀಟಿ ಅಂಟಿಸಿದ್ದರು. ಬರಬರುತ್ತಾ ನಂಜುಂಡೇಶನ ಮುಖ ಹೋಯಿತು, ದನಿ ಹೋಯಿತು. ಖಾಲಿ ಬಾಳೆ ಎಲೆ, ಅದರ ಮುಂದೆ ಹಳದಿ ಬಣ್ಣದ ಒಂದು ಚೌಕ, ಅಷ್ಟೇ. ಅದಕ್ಕೂ ಜನ ಬಿದ್ದು ಬಿದ್ದು ನಗುತ್ತಿದ್ದರು. ಕನ್ನಡದ ಗಂಧವೇ ಇಲ್ಲದ ಯಾವುದೋ ದೇಶದವನೊಬ್ಬ ತನ್ನ ಗೋದಾಮಿನಲ್ಲಿ ನಿಂತು, ಕೈ ಚಾಚಿ, "ನಮ್ಮೋನ್ ಉಂತಾನೆ" ಎನ್ನುತ್ತಿದ್ದ.

"ಇದ್ಕೇನ್ ಅರ್ಥ ಮಗ?" ನಂಜುಂಡೇಶ ಕೇಳಿದ.

"ಅರ್ಥ ಇಲ್ಲ ಅಪ್ಪ. ಅರ್ಥ ಇಲ್ದೆ ಇರೋದೇ ತಮಾಷೆ."

"ನಾನು ಅರ್ಥ ಇಟ್ಕೊಂಡೇ ಯೋಳಿದ್ದು ಕಣವ್ವ" ಎಂದ ಅವನು. ಮಾನಸ ನಗಲು ಹೋಗಿ, ಅಪ್ಪನ ಮುಖ ನೋಡಿ ಫೋನು ಕೆಳಗಿಟ್ಟಳು.

ಡಿಸೆಂಬರ್ ಹೊತ್ತಿಗೆ ಗೋದಾಮಿನಲ್ಲಿ ಕೆಲಸ ಏರಿತು. ಹೊಸದಾಗಿ ನಾಲ್ಕು ಜನ ಆಳುಗಳು ಬಂದರು. ಅವರು ಬಂದ ಮೊದಲ ದಿನವೇ, ಹೊರೆ ಮೇಲೇರಿಸಿ ನಂಜುಂಡೇಶ "ಸರ್ಕಳಿ" ಎಂದು ಕೂಗಿದ. ಬೇಲಿನ ಆಚೆಯಿಂದ ಬಂದ ಉತ್ತರ "ಉಂಡಾಯ್ತಾ ಅಣ್ಣ?" ಎಂದು. ಅದರ ಹಿಂದೆಯೇ ನಗು. ಅವರು ಸರಿದರೋ ಇಲ್ಲವೋ ಇವನಿಗೆ ಕಾಣುತ್ತಿಲ್ಲ. ಮತ್ತೆ ಕೂಗಿದ. ಮತ್ತೂ ನಗು. ಅರ್ಧ ಟನ್ ಸೊಪ್ಪು ತಲೆಯ ಮೇಲೆ ತೂಗಾಡುತ್ತಿರುವಾಗ, ಅದನ್ನು ಇಳಿಸಲೂ ಆಗದೆ ಹಿಂದಕ್ಕೆ ತರಲೂ ಆಗದೆ, ಲಿವರ್ ಹಿಡಿದೇ ಕೂತ. ಕೊನೆಗೆ ಬೆಳ್ಳ ಗದರಿಸಿ ಅವರನ್ನು ಪಕ್ಕಕ್ಕೆ ಎಳೆದ. ಅವತ್ತಿನಿಂದ ನಂಜುಂಡೇಶನಿಗೆ ಹೊರೆ ಎತ್ತುವುದೆಂದರೆ ಭಯ. ಅವನು ಹೇಳುವ ಯಾವ ಮಾತಾದರೂ ಜನರ ಕಿವಿಗೆ ಆ ಒಂಬತ್ತು ಸೆಕೆಂಡಾಗಿಯೇ ಬೀಳುತ್ತಿತ್ತು. ಹುಷಾರು ಎಂದರೂ ನಗು, ಬೇಡ ಎಂದರೂ ನಗು. ಸಿಟ್ಟು ಮಾಡಿಕೊಂಡರಂತೂ ಫೋನುಗಳೇ ಹೊರಬರುತ್ತಿದ್ದವು. ಒಳ್ಳೇ ಗ್ರಹಚಾರ ಕಟ್ಟಿಕೊಂಡಿದ್ದ.

ಜನವರಿಯಲ್ಲಿ ಚೈನು ಸದ್ದು ಮಾಡತೊಡಗಿತು. ಹೊರೆ ಏರುವಾಗ ಅರ್ಧದಲ್ಲಿ ಒಂದು ಕಟಕ್. ಬೇರೆಯವರಿಗೆ ಕೇಳದ ಸದ್ದು. ಹನ್ನೊಂದು ವರ್ಷ ಕಿವಿಗೊಟ್ಟವನಿಗೆ ಕೇಳುವಂಥದ್ದು. ಮ್ಯಾನೇಜರ್ ಕೃಷ್ಣಕುಮಾರ್ ಕೆ.ಆರ್. ನಗರದವರು, ಕೆಟ್ಟವರೇನಲ್ಲ. ನಂಜುಂಡೇಶ ಅವರ ಮುಂದೆ ಹೋಗಿ ನಿಂತ.

"ಸಾ, ಚೈನು ಸರಿಗಿಲ್ಲ. ನೋಡ್ಸೋ ಗಂಟ ಎತ್ತದು ಬ್ಯಾಡ."

ಕೃಷ್ಣಕುಮಾರ್ ಕಾಗದದಿಂದ ತಲೆ ಎತ್ತಿದರು. ಅವರ ತುಟಿ ಆಗಲೇ ಅದುರುತ್ತಿತ್ತು. "ಏನಯ್ಯಾ, ಇವತ್ತೇನ್ ಸ್ಪೆಷಲ್ಲು? ಒಬ್ಬಟ್ಟಾ?"

ಆಫೀಸಿನಲ್ಲಿದ್ದ ಮೂವರೂ ಗೊಳ್ಳೆಂದರು. ನಂಜುಂಡೇಶನೂ ನಕ್ಕ. ಅದೇ ಅವನ ದೊಡ್ಡ ತಪ್ಪು, ಅದನ್ನು ಅವನು ಇವತ್ತಿಗೂ ಹೇಳಿಕೊಂಡು ಕೊರಗುತ್ತಾನೆ. ಎಲ್ಲರೂ ನಗುವಾಗ ಒಬ್ಬನೇ ಮುಖ ಗಂಟು ಹಾಕಿಕೊಂಡು ನಿಲ್ಲುವುದು ಅವನ ಜಾಯಮಾನವಲ್ಲ. ನಕ್ಕು ಹೊರಗೆ ಬಂದು, ಸೀಟು ಹತ್ತಿ, ಲಿವರ್ ಎಳೆದ. ಹೊರೆ ಅರ್ಧಕ್ಕೇರಿತು. ಕಟಕ್ ಎಂದಿತು. ಒಂದು ಕಬ್ಬಿಣದ ಕೈ ಗಕ್ಕನೆ ಅರ್ಧ ಅಡಿ ಕೆಳಗೆ ಜಾರಿ, ಮೇಲಿನ ಬೇಲು ಪಕ್ಕಕ್ಕೆ ವಾಲಿ, ಧೊಪ್ಪೆಂದು ಬೆಳ್ಳನ ಮಗ್ಗುಲಿಗೇ ಬಿತ್ತು. ಇನ್ನೊಂದು ಗೇಣು ಈ ಕಡೆ ಬಿದ್ದಿದ್ದರೆ ಬೆಳ್ಳ ಇರುತ್ತಿರಲಿಲ್ಲ.

ಹೊಸ ಆಳೊಬ್ಬ ಅದನ್ನೂ ಫೋನಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಅದು ಎಲ್ಲೆಡೆ ಹರಿದಾಡಿತು. ಕೆಳಗೆ ಬರೆದಿದ್ದದ್ದು: 'ನಮ್ಮೋನು ತೇಗ್ದ'.

ಮರುದಿನ ಬೆಳಿಗ್ಗೆ ಕೃಷ್ಣಕುಮಾರ್ ಅವರ ಮುಖದಲ್ಲಿ ನಗು ಇರಲಿಲ್ಲ, ಆದರೆ ಎರಡು ಲಾರಿ ಬಾಗಿಲಲ್ಲಿ ನಿಂತಿದ್ದವು. "ಸೋಮವಾರ ಮೈಸೂರಿಂದ ಮೆಕ್ಯಾನಿಕ್ ಬರ್ತಾನೆ. ಇವತ್ತೊಂದಿನ ಹುಷಾರಾಗಿ ಓಡ್ಸು" ಎಂದರು.

"ಆಗಕಿಲ್ಲ ಸಾ" ಎಂದ ನಂಜುಂಡೇಶ.

"ನಿನ್ ಕೈಲಿ ಆಗ್ದಿದ್ರೆ ಮಾದೇಶ್ ಓಡಿಸ್ತಾನೆ ಬಿಡು."

ಮಾದೇಶ್ ಎಂಬವನು ಬದಲಿ ಡ್ರೈವರು. ಗಾಡಿಗೆ ಇನ್ನೊಂದು ಬೀಗದ ಕೈ ಅವನ ಹತ್ತಿರವೂ ಇತ್ತು. ಅವನು ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದ. ಬೇಲುಗಳ ಆ ಕಡೆ, ಎಂದಿನ ಜಾಗದಲ್ಲಿ, ಬೆಳ್ಳ ನಿಂತಿದ್ದ. ಅವನೂ ಕೂಲಿಯವನು, ನಿಲ್ಲು ಎಂದ ಕಡೆ ನಿಲ್ಲಬೇಕು. ನಂಜುಂಡೇಶ ಲೆಕ್ಕ ಹಾಕಿದ. ಕೂಗಿದರೆ ನಗುತ್ತಾರೆ. ಬೇಡಿಕೊಂಡರೆ ನಗುತ್ತಾರೆ. ಬೀಗದ ಕೈ ಕಿತ್ತುಕೊಂಡು ಓಡಿದರೆ ಅದಕ್ಕೂ ಒಂದು ಹಾಡು ಹಾಕಿ ಬಿಡುತ್ತಾರೆ. ಇವನ ಮಾತಿಗೆ ಉಳಿದಿದ್ದ ಬೆಲೆ ಆ ಒಂದೇ ತಮಾಷೆಯದು.

ಅವನು ತನ್ನ ಊಟದ ಡಬ್ಬಿ ತೆಗೆದುಕೊಂಡ. ಕಾಂಪೌಂಡಿನ ಬಾಳೆಯಿಂದ ಒಂದು ಎಲೆ ಕೊಯ್ದ. ನೆಲಕ್ಕಿಳಿದಿದ್ದ ಕಬ್ಬಿಣದ ಕೈಗಳ ಮೇಲೆ ತಾನೇ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಎಲೆ ಹಾಸಿಕೊಂಡು, ಮುದ್ದೆ ಇಟ್ಟುಕೊಂಡು, ಸೊಪ್ಪಿನ ಸಾರು ಬಿಟ್ಟುಕೊಂಡ. ಹೊತ್ತು ಆಗ ಹನ್ನೊಂದೂ ಆಗಿರಲಿಲ್ಲ.

"ಉಣ್ತಾವ್ನಿ ಸಾ" ಎಂದ.

ನಗುವೋ ನಗು. ಫೋನುಗಳು ಸುತ್ತಲೂ ಎದ್ದವು, ಲಾರಿಯವರೂ ಇಳಿದು ಬಂದರು. ಕೃಷ್ಣಕುಮಾರ್ ಹತ್ತಿರ ಬಂದು ಬಾಯಿ ತೆರೆದರು. ಏಳು ಎಂಬ ಒಂದು ಮಾತು ಸಾಕಾಗಿತ್ತು, ಅದು ಅವರ ಬಾಯಿಂದ ಬರಲಿಲ್ಲ. ಅವರೂ ಇದೇ ನೀರು ಕುಡಿದು ಬೆಳೆದವರು; ಎಲೆಯ ಮುಂದೆ ಕೂತು ತುತ್ತು ಎತ್ತಿದವನನ್ನು ಎದ್ದೇಳು ಎನ್ನುವುದು ಅವರಿಂದಲೂ ಆಗದು. "ಬೇಗ ಉಂಡು ಮುಗ್ಸು" ಎಂದಷ್ಟೇ ಹೇಳಿ ಹೋದರು.

ಮುಗಿಸಬಾರದು, ಅದೇ ಫಜೀತಿ. ಎಲೆ ಮಡಚಿದರೆ ಏಳಬೇಕು. ನಂಜುಂಡೇಶ ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು ಮುರಿದು ನುಂಗಿದ. ಆದರೂ ಮುದ್ದೆ ಎಷ್ಟು ಹೊತ್ತು ಬಂದೀತು? ಎಲೆ ಖಾಲಿಯಾಗುತ್ತಾ ಬಂತು. ಆಗ ಬೆಳ್ಳ ತನ್ನ ಜಾಗ ಬಿಟ್ಟು ಬಂದ. ಅವನ ಕೈಯಲ್ಲಿ ಫೋನಿರಲಿಲ್ಲ, ಕೆಂಚಿ ಕಟ್ಟಿಕೊಟ್ಟ ಡಬ್ಬಿಯಿತ್ತು.

"ಇನ್ನೊಸಿ ಇಕ್ಲಾ ಅಣ್ಣ?"

"ಇಕ್ಕಪ್ಪ" ಎಂದ ನಂಜುಂಡೇಶ.

ಬೆಳ್ಳನ ಅನ್ನ ಮುಗಿದ ಮೇಲೆ ಅವನು ಉಳಿದವರ ಡಬ್ಬಿಗಳನ್ನೂ ತಂದ. ನಗುನಗುತ್ತಲೇ ಕೊಟ್ಟರು, ವಿಡಿಯೋ ಚೆನ್ನಾಗಿ ಬರಲಿ ಎಂದು. ಉಪ್ಪಿಟ್ಟು, ರೊಟ್ಟಿ, ಯಾರದೋ ಮನೆಯ ಹುರುಳಿ ಸಾರು. ಹನ್ನೆರಡಾಯಿತು, ಒಂದಾಯಿತು. ಹೊಟ್ಟೆ ಬಿರಿಯುತ್ತಿತ್ತು. ಕಬ್ಬಿಣ ಒತ್ತಿ ಕಾಲು ಜೋಮು ಹಿಡಿದಿತ್ತು. ಸುತ್ತ ನಿಂತವರು "ಇನ್ನೊಂದ್ ತುತ್ತು, ಇನ್ನೊಂದ್ ತುತ್ತು" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅನ್ನ ಕಲಸುತ್ತಾ ನಂಜುಂಡೇಶನ ಕಣ್ಣಲ್ಲಿ ನೀರು ತುಂಬಿತು. ಹುರುಳಿ ಸಾರಿನ ಖಾರವೆಂದು ಎಲ್ಲರೂ ತಿಳಿದರು.

ಮೈಸೂರಿನಲ್ಲಿ ಕೂತ ಗೋದಾಮಿನ ಯಜಮಾನರಿಗೂ ಆ ವಿಡಿಯೋ ತಲುಪಿತು. ಅವರು ಕೃಷ್ಣಕುಮಾರ್‌ಗೆ ಫೋನ್ ಮಾಡಿ, ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಏನಂತೆ ಅವನದು ಎಂದು ಕೇಳಿದರು. ಚೈನಂತೆ ಎಂದರು ಇವರು. ಯಜಮಾನರು ಕಳಿಸಿದ ಮೆಕ್ಯಾನಿಕ್ ಮಧ್ಯಾಹ್ನ ಮೂರೂವರೆಗೆ ಬಂದ. ನಂಜುಂಡೇಶ ಎಲೆ ಮಡಚಿ ಎದ್ದ. ಬೆಳ್ಳ ತೋಳು ಹಿಡಿಯದಿದ್ದರೆ ಬಿದ್ದೇ ಹೋಗುತ್ತಿದ್ದ. ಮೆಕ್ಯಾನಿಕ್ ಗ್ರೀಸು ಒರೆಸಿ, ಚೈನಿನ ಒಂದು ಕೊಂಡಿಯನ್ನು ಬೆರಳಿನಿಂದ ತೋರಿಸಿದ. ಒಂದು ಕಡೆ ಪೂರ್ತಿ ಸೀಳಿತ್ತು, ಇನ್ನೊಂದು ಕಡೆ ನೂಲಿನಷ್ಟು ಉಳಿದಿತ್ತು. "ಇದ್ರಲ್ಲಿ ಇನ್ನೊಂದು ಸಲ ಎತ್ತಿದ್ರೆ ಎರಡು ಹೆಣ ಎತ್ತಬೇಕಾಗಿತ್ತು" ಎಂದ.

ಆಗ ಅಲ್ಲಿ ಫೋನ್ ಹಿಡಿದವರು ಯಾರೂ ಇರಲಿಲ್ಲ. ಎಲ್ಲರೂ ಆಗಲೇ ಹೊರಗೆ ಕೂತು, ತಾವು ಹಾಕಿದ್ದನ್ನು ಎಷ್ಟು ಜನ ನೋಡಿದರು ಎಂದು ನೋಡುತ್ತಿದ್ದರು.

ಈ ಉಣ್ಣುವ ವಿಡಿಯೋವನ್ನೂ ನೀವು ಬಹುಶಃ ನೋಡಿದ್ದೀರಿ. ಅದು ಮೊದಲನೆಯದಕ್ಕಿಂತ ದೂರ ಹೋಯಿತು. ಚೈನಿನ ಕಥೆ ಗೋದಾಮಿನ ಗೇಟು ದಾಟಲಿಲ್ಲ. ಕೃಷ್ಣಕುಮಾರ್ ಒಂದು ದಿನ ಅವನನ್ನು ಕರೆದು "ತಪ್ಪಾಯ್ತು ಕಣಯ್ಯಾ" ಎಂದರು, ಅವರೂ ದೊಡ್ಡವರೇ. ಆದರೆ ಅವರು ತಪ್ಪೊಪ್ಪಿಕೊಂಡರೆ ಊರಿನ ಬಾಯಿ ಮುಚ್ಚೀತೇ? ಹೊಸ ಚೈನು ಬಂತು, ಕೆಲಸ ನಡೆಯಿತು, "ಸರ್ಕಳಿ" ಎಂದರೆ ಆಳುಗಳು ಮೊದಲು ನಗುತ್ತಿದ್ದರು, ಆಮೇಲೆ ಸರಿಯುತ್ತಿದ್ದರು. ಆ ಮೊದಲಿಗೂ ಆಮೇಲಿಗೂ ನಡುವೆ ಹೊರೆ ಗಾಳಿಯಲ್ಲಿ ನಿಂತಿರುತ್ತಿತ್ತು. ಅದನ್ನು ಹಿಡಿದು ಕೂತವನಿಗೆ ಅದೆಷ್ಟು ಉದ್ದದ ಹೊತ್ತು ಎಂದು ಬೇರೆಯವರಿಗೆ ಗೊತ್ತಾಗುವಂತಿಲ್ಲ.

ಬೆಳ್ಳನಿಗೆ ಮಾತ್ರ ಗೊತ್ತಾಯಿತು. ಒಂದು ಬೆಳಿಗ್ಗೆ ಅವನು ಹುಣಸೂರಿನ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ಸೀಟಿ ತಂದ, ಕಂಡಕ್ಟರುಗಳು ಊದುವಂಥದ್ದು. ನಂಜುಂಡೇಶನ ಅಂಗೈಯಲ್ಲಿಟ್ಟು ನೆಲ ನೋಡುತ್ತಾ ನಿಂತ.

"ಅಣ್ಣ, ಇದೆಲ್ಲ ನಾನ್ ಮಾಡ್ದ ಕೆಲ್ಸ. ಇನ್ಮ್ಯಾಕೆ ಬಾಯಲ್ಲಿ ಕೂಗ್ಬ್ಯಾಡ. ಇದ್ನ ಊದು. ಸೀಟಿಗೆ ಯಾರೂ ನಗಕಿಲ್ಲ."

"ಬುಡ್ಲಾ, ನೀನೇನ್ ಮಾಡಿಯೇ" ಎಂದ ನಂಜುಂಡೇಶ. ಸೀಟಿಗೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ.

ಅವತ್ತು ಮೊದಲ ಹೊರೆ ಮೇಲೇರಿತು. ಎದುರಿಗೆ ಬೇಲುಗಳ ಗೋಡೆ, ಆಚೆ ಏನೂ ಕಾಣದು. ನಂಜುಂಡೇಶ ಸೀಟಿ ಊದಿದ. ದಡಬಡ ಹೆಜ್ಜೆಗಳ ಸದ್ದಾಯಿತು, ಎಲ್ಲರೂ ಸರಿದರು. ಒಬ್ಬನೂ ನಗಲಿಲ್ಲ, ಒಬ್ಬನೂ ಮಾತಾಡಲಿಲ್ಲ. ಸೀಟಿಗೆ ಯಾರು ತಾನೇ ಉತ್ತರ ಕೊಡುತ್ತಾರೆ? ಆದರೂ ಹಳೆಯ ಅಭ್ಯಾಸದಿಂದ ಅವನು ಲಿವರ್ ಹಿಡಿದು ಕಾದ.

ಬೇಲುಗಳ ಆಚೆಯಿಂದ ಬೆಳ್ಳನ ದನಿ ಬಂತು: "ಸರ್ದೆ ಕಣಣ್ಣ."

ನಂಜುಂಡೇಶ ಏನೋ ಹೇಳಬೇಕೆಂದು ಬಾಯಿ ತೆರೆಯಲು ಹೋದ. ಹಲ್ಲಿನ ನಡುವೆ ಸೀಟಿಯಿತ್ತು. ಅದನ್ನು ಹಾಗೆಯೇ ಕಚ್ಚಿಕೊಂಡು, ಸುಮ್ಮನೆ ಹೊರೆಯನ್ನು ಇಳಿಸಿದ.